ತೇವ ಹೀರುವ ಯಂತ್ರಕ್ಕೆ ತಿಂಗಳಿಗೆಷ್ಟು ಕರೆಂಟು? ಕೊಬ್ಬರಿ ಸೀಮೆಯ ಮನೆಗೊಂದು ಲೆಕ್ಕ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆ ವರ್ಷದ ಬಹುಪಾಲು ಒಣ ಹವೆಯದು. ಅಟ್ಟದ ಮೇಲಿಟ್ಟ ಕಾಯಿ ಹತ್ತು ಹನ್ನೊಂದು ತಿಂಗಳಲ್ಲಿ ತಾನಾಗಿ ಒಣಗಿ, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿಯಾಗುವುದು ಈ ಹವೆಯ ಕೃಪೆಯಿಂದಲೇ. ಆದರೆ ಆಷಾಢದ ಸೋನೆ ಹಿಡಿದಾಗ, ಆಮೇಲೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ದೊಡ್ಡ ಮಳೆ ಬಂದಾಗ, ತೋಟದ ನಡುವಿನ ಮನೆಗಳ ಕಥೆಯೇ ಬೇರೆ. ಬಿಸಿಲು ಕಾಣದ ಕೋಣೆಯಲ್ಲಿ ಮುಗ್ಗಲು ವಾಸನೆ, ಬೀರುವಿನ ಬಟ್ಟೆಗೆ ಬಿಳಿ ಬೂಷ್ಟು, ಸುಲಿದಿಟ್ಟ ಕೊಬ್ಬರಿಯ ಚೀಲದಲ್ಲಿ ಥಂಡಿ. ಹೀಗಾಗಿ ಡಿಹ್ಯೂಮಿಡಿಫೈಯರ್, ಅಂದರೆ ಗಾಳಿಯ ತೇವ ಹೀರಿ ತೊಟ್ಟಿಗೆ ನೀರಿಳಿಸುವ ಯಂತ್ರ ಕೊಳ್ಳೋಣವೇ ಎಂಬ ಯೋಚನೆ ಕೆಲವರಿಗೆ ಬರುತ್ತದೆ.

ಯಂತ್ರದ ಬೆಲೆ ಅಂಗಡಿಯವರು ಹೇಳುತ್ತಾರೆ. ಅದು ತಿಂಗಳು ತಿಂಗಳು ಎಷ್ಟು ಕರೆಂಟು ತಿನ್ನುತ್ತದೆ ಎಂಬುದನ್ನು ನಾವೇ ಲೆಕ್ಕ ಹಾಕಬೇಕು. ಗುಣಾಕಾರ, ಭಾಗಾಕಾರ ಬಂದರೆ ಸಾಕು. ಜೊತೆಗೆ ಕಳೆದ ತಿಂಗಳ ಬೆಸ್ಕಾಂ ಬಿಲ್ಲು, ಗಡಿಯಾರ, ಕಾಗದ–ಪೆನ್ನು ಇಟ್ಟುಕೊಳ್ಳಿ. ಮೊದಲೇ ಒಂದು ಮಾತು: ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಒಂದೇ ಯಂತ್ರ ಒಂದು ಮನೆಗೆ ಅಗ್ಗ, ಪಕ್ಕದ ಮನೆಗೆ ದುಬಾರಿ. ಕೆಳಗಿನ ಆರನೇ ಹಂತವನ್ನು ಬಿಟ್ಟು ಮಾಡಿದ ಲೆಕ್ಕ ಲೆಕ್ಕವೇ ಅಲ್ಲ.

ಹಂತ 1: ತೇವ ನಿಜಕ್ಕೂ ಎಷ್ಟಿದೆ, ನೋಡಿ

ಮೊದಲು ಹೈಗ್ರೋಮೀಟರ್ ತನ್ನಿ. ಗಾಳಿಯ ತೇವವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುವ ಪುಟ್ಟ ಸಾಧನ ಇದು. ಬೆಲೆ ಕೆಲವು ನೂರು ರೂಪಾಯಿ. ಅನುಮಾನವಿರುವ ಕೋಣೆಯಲ್ಲಿ, ಗೋಡೆಗೆ ತಾಗದಂತೆ, ನೆಲದಿಂದ ಮೂರ್ನಾಲ್ಕು ಅಡಿ ಎತ್ತರದಲ್ಲಿಡಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತು ಒಂದು ವಾರ ಬರೆದುಕೊಳ್ಳಿ.

- ಬಹುತೇಕ ಹೊತ್ತು ಶೇ 60ರ ಒಳಗಿದ್ದರೆ ಯಂತ್ರ ಬೇಡ.
- ಬೆಳಿಗ್ಗೆ ಏರಿ ಮಧ್ಯಾಹ್ನ ಇಳಿಯುತ್ತಿದ್ದರೆ ಮಧ್ಯಾಹ್ನ ಕಿಟಕಿ ತೆರೆದು, ಸಂಜೆ ಮುಚ್ಚಿದರೆ ಸಾಕಾಗಬಹುದು.
- ದಿನವಿಡೀ ಶೇ 70 ದಾಟಿ ದಿನಗಟ್ಟಲೆ ಹಾಗೆಯೇ ನಿಂತರೆ ಬೂಷ್ಟು ಬರುವ ಹವೆ ಅದು. ಮುಂದಿನ ಲೆಕ್ಕ ನಿಮಗಾಗಿ.

ಗೋಡೆಯ ಬುಡದಲ್ಲಿ ಮಾತ್ರ ಒದ್ದೆ ಏರುತ್ತಿದ್ದರೆ, ತಾರಸಿ ಸೋರುತ್ತಿದ್ದರೆ, ಅದು ಯಂತ್ರದ ಕೆಲಸವಲ್ಲ, ಗಾರೆಯವರ ಕೆಲಸ. ಅಂಥ ಕೋಣೆಯಲ್ಲಿ ಯಂತ್ರ ಹಗಲೂ ರಾತ್ರಿ ಓಡುತ್ತದೆ, ಬಿಲ್ಲು ಏರುತ್ತದೆ, ಗೋಡೆ ಮಾತ್ರ ಹಾಗೆಯೇ ಇರುತ್ತದೆ.

ಹಂತ 2: ವಾಟ್ ಓದಿ, ಲೀಟರ್ ಅಲ್ಲ

ಡಬ್ಬದ ಮೇಲೆ ದೊಡ್ಡದಾಗಿ ಬರೆದಿರುವುದು ಲೀಟರ್: ‘ದಿನಕ್ಕೆ 12 ಲೀಟರ್’, ‘20 ಲೀಟರ್’. ಅದು ಯಂತ್ರ ಎಷ್ಟು ನೀರು ಇಳಿಸಬಲ್ಲದು ಎಂಬುದು. ಕರೆಂಟಿನ ಲೆಕ್ಕಕ್ಕೆ ಬೇಕಾದದ್ದು ವಾಟ್. ಅದು ಯಂತ್ರದ ಹಿಂಬದಿಯಲ್ಲೋ ತಳದಲ್ಲೋ ಅಂಟಿಸಿದ ಪಟ್ಟಿಯಲ್ಲಿ ಇರುತ್ತದೆ. ವಾಟ್ ಇಲ್ಲದೆ ವೋಲ್ಟ್ ಮತ್ತು ಆಂಪಿಯರ್ ಮಾತ್ರ ಇದ್ದರೆ ಎರಡನ್ನೂ ಗುಣಿಸಿ. ಸುಮಾರು ಲೆಕ್ಕ ಸಿಗುತ್ತದೆ. ನಿಜದ ಬಳಕೆ ಅದಕ್ಕಿಂತ ತುಸು ಕಡಿಮೆಯೇ ಇರುತ್ತದೆ.

ಮನೆ ಬಳಕೆಯಲ್ಲಿ ಮುಖ್ಯವಾಗಿ ಎರಡು ಬಗೆ:

- ಕಂಪ್ರೆಸರ್ ಯಂತ್ರ. ಫ್ರಿಜ್‌ನ ತತ್ವವೇ. ತಣ್ಣನೆ ಕೊಳವೆಗೆ ಗಾಳಿ ತಾಗಿ ತೇವ ನೀರಾಗಿ ಇಳಿಯುತ್ತದೆ. ಸಾಮಾನ್ಯವಾಗಿ 200ರಿಂದ 500 ವಾಟ್.
- ಪೆಲ್ಟಿಯರ್ ಯಂತ್ರ. ಅಂಗೈ ಅಗಲದಿಂದ ಸಣ್ಣ ಡಬ್ಬದವರೆಗಿನ ಗಾತ್ರ, ಸದ್ದು ಕಡಿಮೆ, 20ರಿಂದ 70 ವಾಟ್. ದಿನವಿಡೀ ಓಡಿದರೂ ಸಾಮಾನ್ಯವಾಗಿ ಅರ್ಧ ಲೀಟರಿನ ಆಸುಪಾಸು ನೀರು.

ಎರಡನೆಯದು ವಾಟ್‌ನಲ್ಲಿ ಚಿಕ್ಕದು, ಆದರೆ ಕೆಲಸಕ್ಕೆ ದುಬಾರಿ. 60 ವಾಟ್‌ನದು 24 ಗಂಟೆ ಓಡಿದರೆ 1.44 ಯೂನಿಟ್, ಅಷ್ಟಕ್ಕೆ ಅರ್ಧ ಲೀಟರ್ ನೀರು. ಕಂಪ್ರೆಸರ್ ಯಂತ್ರ ಒಂದೇ ಯೂನಿಟ್‌ನಲ್ಲಿ ಸುಮಾರು ಒಂದೂವರೆ, ಎರಡು ಲೀಟರ್ ಇಳಿಸುತ್ತದೆ. ಬೀರುವಿಗೆ ಪೆಲ್ಟಿಯರ್ ಸರಿ, ಕೋಣೆಗೆ ಅಲ್ಲ.

ಲೀಟರ್ ವಿಷಯದಲ್ಲೂ ಒಂದು ಎಚ್ಚರ. ನಮ್ಮಲ್ಲಿ ಮಾರುವ ಎಷ್ಟೋ ಯಂತ್ರಗಳ ಲೀಟರ್ ಲೆಕ್ಕ 30 ಡಿಗ್ರಿ ಸೆಖೆ, ಶೇ 80 ತೇವ ಇರುವ ಕೋಣೆಯದು. ಮಳೆಗಾಲದ ರಾತ್ರಿ ಈ ಸೀಮೆಯಲ್ಲಿ ಅಷ್ಟು ಸೆಖೆ ಇರುವುದಿಲ್ಲ. ತಂಪು ಹೆಚ್ಚಿದಷ್ಟೂ ಯಂತ್ರ ಇಳಿಸುವ ನೀರು ಕಡಿಮೆ. ಡಬ್ಬದ ಮೇಲಿನ ಅಂಕಿಯ ಅರ್ಧಕ್ಕೂ ಇಳಿಯಬಹುದು. ಆದರೆ ಕರೆಂಟು ಅರ್ಧಕ್ಕೆ ಇಳಿಯುವುದಿಲ್ಲ.

ಹಂತ 3: ದಿನಕ್ಕೆ ಎಷ್ಟು ಗಂಟೆ ಓಡುತ್ತದೆ?

ಸ್ವಿಚ್ಚು ಹಾಕಿದ ಗಂಟೆ ಬೇರೆ, ಕಂಪ್ರೆಸರ್ ಓಡಿದ ಗಂಟೆ ಬೇರೆ. ಒಳ್ಳೆಯ ಯಂತ್ರಕ್ಕೆ ತೇವದ ಗುರಿ ಕೊಡಬಹುದು. ಶೇ 60ಕ್ಕೆ ಇಟ್ಟರೆ ಅಲ್ಲಿಗೆ ಇಳಿದೊಡನೆ ಕಂಪ್ರೆಸರ್ ನಿಲ್ಲುತ್ತದೆ, ಮತ್ತೆ ಏರಿದಾಗ ಹೊರಡುತ್ತದೆ. ಬಾಗಿಲು ಭದ್ರವಾಗಿರುವ ಕೋಣೆಯಲ್ಲಿ ಮೊದಲ ಎರಡು ಮೂರು ದಿನ ಹೆಚ್ಚು ಹೊತ್ತು ಓಡುತ್ತದೆ: ಗೋಡೆ, ಹಾಸಿಗೆ, ಚೀಲಗಳಲ್ಲಿ ಕೂತ ತೇವವೆಲ್ಲ ಹೊರಬರಬೇಕಲ್ಲ! ಆಮೇಲೆ ಇಳಿಯುತ್ತದೆ.

ಕೊಳ್ಳುವ ಮುನ್ನ ಅಂದಾಜು ಬೇಕಿದ್ದರೆ ಹೀಗೆ ಹಿಡಿಯಿರಿ: ಮುಚ್ಚಿದ ಸಣ್ಣ ಕೋಣೆಗೆ ದಿನಕ್ಕೆ 5–6 ಗಂಟೆ, ಸಾಮಾನ್ಯ ಮಲಗುವ ಕೋಣೆಗೆ 8 ಗಂಟೆ, ಜನ ಓಡಾಡಿ ಬಾಗಿಲು ತೆರೆಯುತ್ತಲೇ ಇರುವ ಕಡೆಗೆ 16 ಗಂಟೆ. ಹೆಂಚಿನ ಮನೆಯ ಸಂದಿಗಳಿಂದ, ತೊಟ್ಟಿಮನೆಯ ಅಂಗಳದಿಂದ ಹೊರಗಿನ ತೇವ ಬರುತ್ತಲೇ ಇರುತ್ತದೆ. ಅಂಥಲ್ಲಿ ಇಡೀ ಮನೆಗೆ ಈ ಯಂತ್ರ ಹಾಕುವುದು ವ್ಯರ್ಥ. ಒಂದು ಕೋಣೆಯನ್ನು ಆರಿಸಿಕೊಂಡು ಸಂದಿ ಮುಚ್ಚಿಸಿ.

ಹಂತ 4: ಯೂನಿಟ್ ಮಾಡಿ

ಸೂತ್ರ ಒಂದೇ:

ವಾಟ್ × ಗಂಟೆ ÷ 1000 = ದಿನದ ಯೂನಿಟ್. ಅದನ್ನು 30ರಿಂದ ಗುಣಿಸಿದರೆ ತಿಂಗಳ ಯೂನಿಟ್.

300 ವಾಟ್ ಯಂತ್ರ 8 ಗಂಟೆ ಓಡಿದರೆ 300 × 8 = 2400; ÷ 1000 = 2.4. ತಿಂಗಳಿಗೆ 72 ಯೂನಿಟ್. ಬೇರೆ ಗಾತ್ರಗಳಿಗೂ ಹೀಗೆಯೇ:

- 200 ವಾಟ್, 6 ಗಂಟೆ: ತಿಂಗಳಿಗೆ 36 ಯೂನಿಟ್
- 300 ವಾಟ್, 5 ಗಂಟೆ: 45 ಯೂನಿಟ್
- 300 ವಾಟ್, 8 ಗಂಟೆ: 72 ಯೂನಿಟ್
- 300 ವಾಟ್, 16 ಗಂಟೆ: 144 ಯೂನಿಟ್
- 500 ವಾಟ್, 8 ಗಂಟೆ: 120 ಯೂನಿಟ್
- 60 ವಾಟ್ ಪೆಲ್ಟಿಯರ್, 24 ಗಂಟೆ: 43 ಯೂನಿಟ್

ಕೊನೆಯ ಸಾಲನ್ನು ಎರಡನೆಯ ಸಾಲಿನ ಪಕ್ಕ ಇಟ್ಟು ನೋಡಿ. ಕರೆಂಟು ಹೆಚ್ಚುಕಡಿಮೆ ಒಂದೇ. ಇಳಿಯುವ ನೀರು ಮಾತ್ರ ಎಲ್ಲಿಂದೆಲ್ಲಿಗೋ.

ಹಂತ 5: ಯೂನಿಟ್‌ಗೆ ರೂಪಾಯಿ ಕಟ್ಟಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕುಗಳು ಬೆಸ್ಕಾಂ ವ್ಯಾಪ್ತಿಯವು. 2025ರ ಏಪ್ರಿಲ್‌ನಿಂದ ಜಾರಿಯಾದ 2025–26ರ ದರದಂತೆ ಗೃಹಬಳಕೆಯ ಒಂದು ಯೂನಿಟ್‌ಗೆ 5 ರೂಪಾಯಿ 80 ಪೈಸೆ. ಹಿಂದೆ ಇದ್ದಂತೆ ಮೊದಲ ಇಷ್ಟು ಯೂನಿಟ್‌ಗೆ ಒಂದು ದರ, ಆಮೇಲೆ ಇನ್ನೊಂದು ಎಂಬ ಮೆಟ್ಟಿಲು ಈಗಿಲ್ಲ. ಅದರ ಮೇಲೆ ನೌಕರರ ಪಿಂಚಣಿ–ಗ್ರಾಚ್ಯುಟಿ ಬಾಬ್ತು 36 ಪೈಸೆ, ಶೇ 9 ವಿದ್ಯುತ್ ತೆರಿಗೆ ಸುಮಾರು 52 ಪೈಸೆ. ಒಟ್ಟು 6 ರೂಪಾಯಿ 68 ಪೈಸೆ. ಇಂಧನ ಹೊಂದಾಣಿಕೆ ಶುಲ್ಕ ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ ಬಾಯಿಲೆಕ್ಕಕ್ಕೆ ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿಯಿರಿ. ದರ ವರ್ಷ ವರ್ಷ ಬದಲಾಗುತ್ತದೆ; ಇತ್ತೀಚಿನ ಬಿಲ್ಲಿನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಾಕಿಕೊಳ್ಳಿ.

ಹಾಗಾದರೆ 72 ಯೂನಿಟ್‌ಗೆ 504 ರೂಪಾಯಿ, 144ಕ್ಕೆ 1,008, 36ಕ್ಕೆ 252.

ನಿಗದಿತ ಶುಲ್ಕ ಎಂಬುದೊಂದಿದೆ: 2025–26ರ ದರದಂತೆ ಮಂಜೂರಾದ ಪ್ರತಿ ಕಿಲೋವಾಟ್‌ಗೆ ತಿಂಗಳಿಗೆ 145 ರೂಪಾಯಿ. ಯಂತ್ರ ಇರಲಿ ಬಿಡಲಿ ಅದು ಅಷ್ಟೇ. ಆದ್ದರಿಂದ ಯಂತ್ರದ ಲೆಕ್ಕಕ್ಕೆ ಸೇರಿಸಬೇಡಿ. ಆದರೆ ಮುಂದಿನ ಹಂತದಲ್ಲಿ ಅದು ಮತ್ತೆ ಎದುರಾಗುತ್ತದೆ.

ಹಂತ 6: ಗೃಹಜ್ಯೋತಿಯ ಗೆರೆ ಎಲ್ಲಿದೆ?

2023ರ ಜುಲೈನಿಂದ ಜಾರಿಯಲ್ಲಿರುವ ಗೃಹಜ್ಯೋತಿಯನ್ನು ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಎಂದು ತಿಳಿದವರು ಬಹಳ ಮಂದಿ. ಹಾಗಿಲ್ಲ. 2022–23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿದ್ದು ನಿಮ್ಮ ಅರ್ಹತೆ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ ಶೇ 10ರ ಬದಲು 10 ಯೂನಿಟ್ ಸೇರಿಸುವ ತೀರ್ಮಾನ 2024ರ ಜನವರಿಯಲ್ಲಿ ಆಯಿತು. ಹಳೆಯ ಲೆಕ್ಕವೇ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿ 53 ಯೂನಿಟ್, ಜೊತೆಗೆ ಶೇ 10, ಅಂದರೆ 58 ಯೂನಿಟ್.

ಇದರಿಂದ ಮೂರು ಸ್ಥಿತಿ:

- ಅರ್ಹತೆಯ ಒಳಗಿದ್ದರೆ ಬಿಲ್ಲು ಸೊನ್ನೆ.
- ಅರ್ಹತೆ ದಾಟಿ 200ರ ಒಳಗಿದ್ದರೆ ಹೆಚ್ಚುವರಿ ಯೂನಿಟ್‌ಗಳ ಹಣ ಮಾತ್ರ.
- 200 ದಾಟಿದರೆ ಆ ತಿಂಗಳ ಇಡೀ ಬಿಲ್ಲು ನಿಮ್ಮದೇ, ನಿಗದಿತ ಶುಲ್ಕವೂ ಸೇರಿ.

ಈಗ ಅದೇ 300 ವಾಟ್ ಯಂತ್ರವನ್ನು ಎರಡು ಮನೆಗಳಲ್ಲಿ ದಿನಕ್ಕೆ 8 ಗಂಟೆ ಓಡಿಸೋಣ.

ಮೊದಲ ಮನೆ. ಅರ್ಹತೆ 110 ಯೂನಿಟ್, ಈಗಿನ ಬಳಕೆ 90, ಬಿಲ್ಲು ಸೊನ್ನೆ. ಯಂತ್ರದ 72 ಸೇರಿದರೆ 162. ಅರ್ಹತೆ ಮೀರಿದ್ದು 52 ಯೂನಿಟ್. ಕಟ್ಟಬೇಕಾದದ್ದು 52 × 7 = 364 ರೂಪಾಯಿ.

ಎರಡನೇ ಮನೆ. ಅರ್ಹತೆ 165, ಈಗಿನ ಬಳಕೆ 150, ಬಿಲ್ಲು ಸೊನ್ನೆಯೇ. ಯಂತ್ರದ 72 ಸೇರಿದರೆ 222. ಗೆರೆ ದಾಟಿತು. 222 × 7 = 1,554; ಎರಡು ಕಿಲೋವಾಟ್ ಸಂಪರ್ಕದ ನಿಗದಿತ ಶುಲ್ಕ 290; ಒಟ್ಟು 1,844 ರೂಪಾಯಿ.

ಯಂತ್ರ ಅದೇ, ಓಡಿದ ಗಂಟೆಯೂ ಅಷ್ಟೇ. ಒಬ್ಬರಿಗೆ 364, ಇನ್ನೊಬ್ಬರಿಗೆ 1,844. ಎರಡನೇ ಮನೆಯವರು ದಿನಕ್ಕೆ 8ರ ಬದಲು 5 ಗಂಟೆ ಓಡಿಸಿದರೆ ಯಂತ್ರಕ್ಕೆ 45 ಯೂನಿಟ್, ಒಟ್ಟು 195. ಅರ್ಹತೆ ಮೀರಿದ್ದು 30. ಬಿಲ್ಲು 210 ರೂಪಾಯಿ. ದಿನಕ್ಕೆ ಮೂರು ಗಂಟೆ ಹಿಡಿತದಲ್ಲಿಟ್ಟರೆ ತಿಂಗಳಿಗೆ ಸಾವಿರದ ಆರುನೂರು ರೂಪಾಯಿಗೂ ಮಿಕ್ಕಿ ಉಳಿತಾಯ!

ನಿಮ್ಮ ಮನೆಯ ಮಿತಿ ಕಂಡುಕೊಳ್ಳುವುದು ಸುಲಭ. 200ರಿಂದ ಈಗಿನ ಬಳಕೆ ಕಳೆಯಿರಿ. ಉಳಿದದ್ದನ್ನು 1000ದಿಂದ ಗುಣಿಸಿ, ಯಂತ್ರದ ವಾಟ್‌ನಿಂದ ಭಾಗಿಸಿ, ಮತ್ತೆ 30ರಿಂದ ಭಾಗಿಸಿ. ದಿನಕ್ಕೆ ಗರಿಷ್ಠ ಎಷ್ಟು ಗಂಟೆ ಎಂಬುದು ಬಂತು. ಎರಡನೇ ಮನೆಗೆ 50 × 1000 ÷ 300 ÷ 30, ಅಂದರೆ ಸುಮಾರು ಐದೂವರೆ ಗಂಟೆ. ಹಬ್ಬದ ತಿಂಗಳಲ್ಲಿ ನೆಂಟರು ಬಂದು ಗೀಜರ್, ಮಿಕ್ಸಿ ಹೆಚ್ಚು ಓಡುವುದಿದ್ದರೆ ಹತ್ತು ಯೂನಿಟ್ ಕೈಕಾಪು ಇಟ್ಟುಕೊಳ್ಳಿ. ಅರ್ಹತೆ ಎಷ್ಟೆಂದು ಗೊತ್ತಿಲ್ಲದಿದ್ದರೆ ಬಿಲ್ಲು ನೋಡಿ. ಅಲ್ಲಿ ತಿಳಿಯದಿದ್ದರೆ ಆರ್.ಆರ್. ನಂಬರ್ ಹಿಡಿದು ಬೆಸ್ಕಾಂ ಉಪವಿಭಾಗದ ಕಚೇರಿಯಲ್ಲೋ 1912 ಸಹಾಯವಾಣಿಯಲ್ಲೋ ಕೇಳಿ.

ಇನ್ನೊಂದು ಮಾತು: ಕೊಳವೆಬಾವಿ ಪಂಪ್‌ಸೆಟ್ಟಿನ ಕರೆಂಟು ಪುಕ್ಕಟೆ ತಾನೇ ಎಂದು ತೋಟದ ಲೈನಿನಿಂದ ಮನೆಯ ಯಂತ್ರಕ್ಕೆ ಎಳೆಯಬೇಡಿ. ಅದು ಕಾನೂನಿನ ಕಣ್ಣಿಗೆ ಅಪರಾಧ, ಜೀವಕ್ಕೂ ಅಪಾಯ.

ಹಂತ 7: ಮೀಟರ್ ಮಿಣುಕಿನಿಂದ ತಾಳೆ ನೋಡಿ

ಯಂತ್ರ ಮನೆಗೆ ಬಂದ ಮೇಲೆ ಪಟ್ಟಿಯ ವಾಟ್ ನಿಜವೇ ಎಂದು ನೋಡಲು ಮನೆಯ ಡಿಜಿಟಲ್ ಮೀಟರೇ ಸಾಕು. ಅದರಲ್ಲೊಂದು ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲಿ 3200 ಎಂದೋ ಬೇರೆ ಅಂಕಿಯೋ ಇರುತ್ತದೆ. ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್ ಎಂದರ್ಥ.

1. ಮನೆಯ ದೀಪ, ಫ್ಯಾನು, ಟಿವಿ, ಯುಪಿಎಸ್ ಎಲ್ಲ ಆರಿಸಿ. ಫ್ರಿಜ್ಜಿನ ಪ್ಲಗ್ಗನ್ನೂ ಸ್ವಲ್ಪ ಹೊತ್ತು ತೆಗೆಯಿರಿ. ಮಿಣುಕು ನಿಲ್ಲಬೇಕು.
2. ಡಿಹ್ಯೂಮಿಡಿಫೈಯರ್ ಮಾತ್ರ ಹಾಕಿ. ಫ್ಯಾನಿನ ಸದ್ದಷ್ಟೇ ಅಲ್ಲ, ಕಂಪ್ರೆಸರ್ ಸದ್ದು ಕೇಳುವವರೆಗೆ ಕಾಯಿರಿ.
3. 20 ಮಿಣುಕಿಗೆ ಎಷ್ಟು ಸೆಕೆಂಡು ಬೇಕಾಯಿತು ಎಂದು ಗಡಿಯಾರದಲ್ಲಿ ನೋಡಿ.
4. 36,00,000ವನ್ನು ಮಿಣುಕಿನ ಸಂಖ್ಯೆಯಿಂದ ಗುಣಿಸಿ. ಮೀಟರಿನ ಅಂಕಿಯನ್ನು ಸೆಕೆಂಡಿನಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ.

3200ರ ಮೀಟರಿನಲ್ಲಿ 20 ಮಿಣುಕಿಗೆ 75 ಸೆಕೆಂಡು ಹಿಡಿದರೆ ಉತ್ತರ 300 ವಾಟ್. ಈ ರಗಳೆ ಬೇಡವೆನಿಸಿದರೆ ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಎನರ್ಜಿ ಮೀಟರ್ ಸಿಗುತ್ತದೆ. ಒಂದು ವಾರ ಸಿಕ್ಕಿಸಿಟ್ಟರೆ ಓಡಿದ ಯೂನಿಟ್ಟನ್ನು ಅದೇ ಹೇಳುತ್ತದೆ. ಎರಡು, ಮೂರು, ನಾಲ್ಕನೇ ಹಂತದ ಅಂದಾಜೆಲ್ಲ ಒಂದೇ ಅಂಕಿಯಲ್ಲಿ ಸಿಕ್ಕಂತೆ.

ವಾರದ ಕೊನೆಗೆ ಇಳಿದ ನೀರನ್ನೂ ಅಳೆಯಿರಿ. ಯೂನಿಟ್‌ಗೆ ಒಂದು ಲೀಟರೂ ಬಾರದಿದ್ದರೆ ಒಂದೋ ಕೋಣೆ ಆಗಲೇ ಒಣಗಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ, ಅಥವಾ ಹವೆ ತೀರಾ ತಂಪಾಗಿದೆ. ಮೂರರಲ್ಲಿ ಯಾವುದಾದರೂ ಹೆಚ್ಚು ಹೊತ್ತು ಓಡಿಸಿ ಫಲವಿಲ್ಲ. ಆ ನೀರನ್ನು ಗಿಡಕ್ಕೆ ಹಾಕಬಹುದು, ನೆಲ ಒರೆಸಬಹುದು. ಕುಡಿಯಬಾರದು, ಡಿಸ್ಟಿಲ್ಡ್ ವಾಟರ್ ಎಂದು ಯುಪಿಎಸ್ ಬ್ಯಾಟರಿಗೂ ಸುರಿಯಬಾರದು. ಕೊಳವೆಯ ಧೂಳು, ಲೋಹದ ಅಂಶ ಅದರಲ್ಲಿ ಬೆರೆತಿರುತ್ತದೆ.

ಹಂತ 8: ಗಂಟೆ ಕಡಿಮೆ ಮಾಡಿ

- ಗುರಿ ಶೇ 60 ಸಾಕು. 45ಕ್ಕೆ ಇಟ್ಟರೆ ಕಂಪ್ರೆಸರ್‌ಗೆ ಬಿಡುವೇ ಇಲ್ಲ.
- ಯಂತ್ರ ಓಡುವಾಗ ಕಿಟಕಿ, ಬಾಗಿಲು ಮುಚ್ಚಿ. ಒದ್ದೆ ಬಟ್ಟೆಯನ್ನು ಅದೇ ಕೋಣೆಯಲ್ಲಿ ಒಣಹಾಕಿದರೆ ಆ ನೀರನ್ನೆಲ್ಲ ಕರೆಂಟಿನಿಂದಲೇ ಇಳಿಸಿದ ಹಾಗೆ.
- ಮಳೆ ಬಿಟ್ಟು ಬಿಸಿಲು ಬಿದ್ದ ಮಧ್ಯಾಹ್ನ ಯಂತ್ರ ಆರಿಸಿ ಕಿಟಕಿ ತೆರೆಯಿರಿ.
- ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ.
- ಸಂಜೆ ಹೊತ್ತು ವೋಲ್ಟೇಜ್ ಬೀಳುವ ಊರುಗಳಲ್ಲಿ ಸ್ಟೆಬಿಲೈಸರ್ ಹಾಕಿ. ಕರೆಂಟು ಹೋಗಿ ಬಂದೊಡನೆ ಹಾಕದೆ ಮೂರ್ನಾಲ್ಕು ನಿಮಿಷ ಬಿಟ್ಟು ಹಾಕಿ. ಕಂಪ್ರೆಸರ್ ಬಾಳಿಕೆಗೆ ಒಳ್ಳೆಯದು.
- ಯುಪಿಎಸ್ ಬ್ಯಾಟರಿಯ ಮೇಲೆ ಈ ಯಂತ್ರ ಓಡಿಸಬೇಡಿ.

ಕೊಬ್ಬರಿಗೆ ಬೇಕೇ?

ಅಟ್ಟದ ಮೇಲೆ ಸಿಪ್ಪೆ ಸಮೇತ ಇರುವ ಕಾಯಿಗೆ ಬೇಡವೇ ಬೇಡ. ಸಿಪ್ಪೆಯೂ ಕರಟವೂ ಅದಕ್ಕೆ ಕಾವಲು. ಗಾಳಿಯಾಡುವ ಅಟ್ಟವೇ ಅದಕ್ಕೆ ಬೇಕಾದದ್ದು. ತೊಂದರೆ ಇರುವುದು ಸುಲಿದು, ಕರಟ ಒಡೆದು ತೆಗೆದ ಕೊಬ್ಬರಿಗೆ. ತೇವಾಂಶ ಶೇ 7ರ ಆಸುಪಾಸಿಗೆ ಇಳಿದ ಕೊಬ್ಬರಿ ಕೂಡ ಥಂಡಿ ಕೋಣೆಯಲ್ಲಿ ಮತ್ತೆ ತೇವ ಎಳೆದುಕೊಳ್ಳುತ್ತದೆ. ಆಮೇಲೆ ಬೂಷ್ಟು, ಕೌಟು ವಾಸನೆ. ಬೂಷ್ಟು ಹತ್ತಿದ ಕೊಬ್ಬರಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುವ ಅಪಾಯವಿದೆ, ಒರೆಸಿ ಬಳಸುವಂಥದ್ದಲ್ಲ.

ಅದಕ್ಕೂ ಒಂದು ಲೆಕ್ಕ ಹಾಕಿ. 2025ರ ಹಂಗಾಮಿನಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,100 ರೂಪಾಯಿ ಇತ್ತು, ಅಂದರೆ ಕಿಲೋಗೆ 121. ಯಂತ್ರಕ್ಕೆ ತಿಂಗಳಿಗೆ 504 ರೂಪಾಯಿ ಆಗುವುದಾದರೆ ಅದು ತಿಂಗಳಿಗೆ ನಾಲ್ಕು ಕಿಲೋಗಿಂತ ಹೆಚ್ಚು ಕೊಬ್ಬರಿಯನ್ನು ಕೆಡದಂತೆ ಉಳಿಸಬೇಕು. ಆಗ ಕರೆಂಟಿನ ಹಣವಷ್ಟೇ ಹುಟ್ಟುತ್ತದೆ, ಯಂತ್ರದ ಹಣವಲ್ಲ. ಮಾರುಕಟ್ಟೆ ಧಾರಣೆ ಏರಿದ್ದರೆ ಆ ಧಾರಣೆಯನ್ನೇ ಹಾಕಿ ನೋಡಿ. ಎರಡು ಮೂರು ಚೀಲ ಇಟ್ಟುಕೊಂಡವರು ಮಳೆ ಹಿಡಿಯುವ ಮುಂಚೆ ತಿಪಟೂರು ಎಪಿಎಂಸಿಗೆ ಸಾಗಿಸುವುದು ಲೇಸು. ಅಥವಾ ಮಾರುವ ದಿನ ಗೊತ್ತಾದ ಮೇಲೆ ಸುಲಿಸಿ. ದೊಡ್ಡ ದಾಸ್ತಾನಿನ ಗೋದಾಮಿಗೆ ಮನೆಯ ದರವೂ ಅನ್ವಯಿಸುವುದಿಲ್ಲ, ಮನೆಯ ಯಂತ್ರವೂ ಸಾಲುವುದಿಲ್ಲ.

ಉಸಿರಾಟದ ತೊಂದರೆ ಇರುವವರ ಕೋಣೆ, ಬೂಷ್ಟು ಬಿಡದ ಬೀರು, ಹಳೆಯ ಕಾಗದಪತ್ರ–ಪುಸ್ತಕಗಳಿರುವ ಕೋಣೆಗಾದರೆ ಈ ಯಂತ್ರ ಸಾರ್ಥಕ. ಅದೂ ವರ್ಷಕ್ಕೆ ಮೂರ್ನಾಲ್ಕು ತಿಂಗಳು ಮಾತ್ರ. ದಿನಕ್ಕೆ 8 ಗಂಟೆಯಂತೆ ನಾಲ್ಕು ತಿಂಗಳಿಗೆ ಕರೆಂಟು ಸುಮಾರು 2,000 ರೂಪಾಯಿ. ಆದರೆ ಅದು 200ರ ಗೆರೆ ದಾಟದ ಮನೆಯ ಮಾತು. ಆದ್ದರಿಂದ ಅಂಗಡಿಗೆ ಹೋಗುವಾಗ ಕಳೆದ ವರ್ಷದ ಜೂನ್‌ನಿಂದ ಅಕ್ಟೋಬರ್‌ವರೆಗಿನ ಬಿಲ್ಲುಗಳನ್ನು ಜೇಬಿನಲ್ಲಿಟ್ಟುಕೊಳ್ಳಿ. ಆ ತಿಂಗಳುಗಳಲ್ಲಿ ಬಳಕೆ ಆಗಲೇ 180 ದಾಟಿದ್ದರೆ ಯಂತ್ರ ಕೊಳ್ಳಬೇಡಿ; 120ರ ಒಳಗಿದ್ದರೆ ಧೈರ್ಯವಾಗಿ ಕೊಳ್ಳಿ; ನಡುವಿನವರು ದಿನದ ಗಂಟೆಯ ಮಿತಿಯನ್ನು ಬರೆದು ಯಂತ್ರದ ಮೇಲೆಯೇ ಅಂಟಿಸಿ.